ನೋವಿನ ಮಾತ್ರೆ ಬಿಡುವ ದಾರಿ: ಮೊದಲ ಭೇಟಿಯಿಂದ ಕೊನೆಯ ಎರಡು ಮಿಲಿಗ್ರಾಂವರೆಗೆ

ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವಿನ ಮಾತ್ರೆ ಬಿಡಲೆಂದು ಮೊದಲ ಸಲ ವೈದ್ಯರ ಹತ್ತಿರ ಹೋಗುವಾಗ ಖಾಲಿಯಾದ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ. ಹಳೆಯ ಚೀಟಿಗಳಿಗಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಚೀಟಿಯಲ್ಲಿ ದಿನಕ್ಕೆ ಮೂರು ಅಂತಿರುತ್ತದೆ, ಹೊಟ್ಟೆಗೆ ಹೋಗುತ್ತಿರುವುದು ಹದಿನಾಲ್ಕು. ಬಹಳ ಮಂದಿ ಆ ಹದಿನಾಲ್ಕನ್ನು ಏಳು ಅಂತ ಹೇಳುತ್ತಾರೆ, ನಾಚಿಕೆಯಿಂದ. ಅದರ ಪರಿಣಾಮವನ್ನು ಅವರೇ ಅನುಭವಿಸಬೇಕಾಗುತ್ತದೆ: ಏಳಕ್ಕೆ ತಕ್ಕಂತೆ ಔಷಧ ಶುರುವಾಗುತ್ತದೆ, ಸಂಜೆಯ ಹೊತ್ತಿಗೆ ಸಾಲದಾಗುತ್ತದೆ, ರಾತ್ರಿ ಹಳೆಯ ಮಾತ್ರೆಗೇ ಕೈ ಹೋಗುತ್ತದೆ, ಆಮೇಲೆ "ಚಿಕಿತ್ಸೆ ನನಗೆ ಆಗಿಬರಲಿಲ್ಲ" ಅನ್ನುವ ತೀರ್ಮಾನ. ಸ್ಟ್ರಿಪ್ ಎಣಿಸಿದರೆ ಈ ತೊಂದರೆಯೇ ಇಲ್ಲ.

ಎಣಿಕೆಗೆ ಇನ್ನೊಂದು ಕಾರಣವೂ ಇದೆ. ಆಕ್ಸಿಕೋಡೋನ್, ಹೈಡ್ರೋಕೋಡೋನ್, ಟ್ರಮಡಾಲ್, ಕೋಡೀನ್ ಇಂಥ ಓಪಿಯಾಯ್ಡ್‌ಗಳೆಲ್ಲ ಅನೇಕ ಸಲ ಒಂಟಿಯಾಗಿ ಬರುವುದಿಲ್ಲ, ಪ್ಯಾರಾಸಿಟಮಾಲ್ ಜೊತೆ ಸೇರಿಕೊಂಡು ಬರುತ್ತವೆ. ಒಂದು ಮಾತ್ರೆಯಲ್ಲಿ 325 ಮಿಲಿಗ್ರಾಂ ಇದ್ದರೆ ಹದಿನಾಲ್ಕಕ್ಕೆ 4550 ಆಯಿತು. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4000. ಹಾಗಾಗಿ ಮೊದಲ ದಿನವೇ ಲಿವರ್ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಕೋಡೀನ್ ಜೊತೆ ಐಬುಪ್ರೊಫೇನ್ ಇರುವ ಮಾತ್ರೆಯಾದರೆ ಚಿಂತೆ ಬೇರೆ: ಹೊಟ್ಟೆಯ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ರಕ್ತದಲ್ಲಿ ಪೊಟ್ಯಾಷಿಯಂ ಅಪಾಯದ ಮಟ್ಟಕ್ಕೆ ಇಳಿಯುವುದು. ಟ್ರಮಡಾಲ್‌ಗೆ ಅದರದೇ ಕಾಟವಿದೆ. ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಬರುವ ಸಂಭವ ಏರುತ್ತದೆ; ಖಿನ್ನತೆಯ ಮಾತ್ರೆಯೂ ನಡೆಯುತ್ತಿದ್ದರೆ ಅದಕ್ಕಿಂತ ಕಡಿಮೆಗೇ ಬರಬಹುದು. ಅದು ಓಪಿಯಾಯ್ಡ್ ಮಾತ್ರವಲ್ಲ, ಮೆದುಳಿನ ಸೆರೊಟೋನಿನ್ ಮೇಲೂ ಕೆಲಸ ಮಾಡುತ್ತದೆ. ಅದಕ್ಕೇ ಟ್ರಮಡಾಲ್ ನಿಲ್ಲಿಸಿದಾಗ ಮಾಮೂಲಿ ಲಕ್ಷಣಗಳ ಜೊತೆ ಕೆಲವರಿಗೆ ವಿಪರೀತ ದಿಗಿಲು, ಕೈಕಾಲು ಜುಮುಗುಡುವುದು, ಇಲ್ಲದ್ದು ಕಂಡಂತಾಗುವುದು ಕೂಡ ಆಗುತ್ತದೆ. ಅದನ್ನು ಹುಚ್ಚು ಹಿಡಿಯಿತು ಅಂತ ತಿಳಿದು ಗಾಬರಿಯಾಗುವ ಮನೆಯವರು ಎಷ್ಟೋ.

ನಿದ್ದೆ ಮಾತ್ರೆ, ಆತಂಕದ ಮಾತ್ರೆ, ಮದ್ಯ ಇವುಗಳ ವಿಷಯವನ್ನು ಮರೆಮಾಚಲೇಬಾರದು. ಓಪಿಯಾಯ್ಡ್ ಬಿಟ್ಟಾಗಿನ ಯಾತನೆ ಭಯಂಕರವಾದರೂ ಗಟ್ಟಿಮುಟ್ಟಾಗಿರುವವರ ಜೀವ ತೆಗೆಯುವುದು ಅಪರೂಪ. ಅಲ್ಪ್ರಜೋಲಾಂ, ಡಯಾಜೆಪಾಂನಂಥ ಮಾತ್ರೆಯನ್ನೋ ಮದ್ಯವನ್ನೋ ಹಠಾತ್ತಾಗಿ ನಿಲ್ಲಿಸಿದರೆ ಮಾತ್ರ ಫಿಟ್ಸ್ ಬಂದು ಜೀವಕ್ಕೇ ಸಂಚಕಾರ ಬರಬಹುದು. ಎರಡೂ ಇದ್ದವರಿಗೆ ಮನೆಯಲ್ಲಿ ಪ್ರಯತ್ನ ಬೇಡ, ಆಸ್ಪತ್ರೆಯೇ ಸರಿ.

ಮೂತ್ರ ಪರೀಕ್ಷೆಯೂ ಆಗುತ್ತದೆ. ಇದರ ಒಳಗುಟ್ಟು ತಿಳಿದಿದ್ದರೆ ಅನಾವಶ್ಯಕ ಜಗಳ ತಪ್ಪುತ್ತದೆ. ಸಾಮಾನ್ಯ ಪಟ್ಟಿ ಪರೀಕ್ಷೆಯಲ್ಲಿ "ಓಪಿಯೇಟ್" ಎಂಬ ಗೆರೆ ಹಿಡಿಯುವುದು ಮಾರ್ಫಿನ್ ಮತ್ತು ಕೋಡೀನನ್ನು. ಟ್ರಮಡಾಲ್, ಫೆಂಟನಿಲ್, ವ್ಯಸನದ ಚಿಕಿತ್ಸೆಗೆ ಕೊಡುವ ಓಪಿಯಾಯ್ಡ್‌ಗಳಾದ ಮೆಥಡೋನ್, ಬ್ಯುಪ್ರೆನಾರ್ಫಿನ್ ಅದಕ್ಕೆ ಕಾಣುವುದೇ ಇಲ್ಲ. ಆಕ್ಸಿಕೋಡೋನ್ ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಅವಕ್ಕೆ ಬೇರೆ ಬೇರೆ ಪಟ್ಟಿ ಬೇಕು. ಟ್ರಮಡಾಲ್ ನುಂಗುತ್ತಿರುವವರ ವರದಿ ನೆಗೆಟಿವ್ ಬಂದರೆ ಅವರು ಸುಳ್ಳು ಹೇಳಿದರು ಅಂತಲೂ ಅಲ್ಲ, ಬಿಟ್ಟಿದ್ದಾರೆ ಅಂತಲೂ ಅಲ್ಲ.

ಇಷ್ಟಾದ ಮೇಲೆ ಇದು ವ್ಯಸನವೋ ಅಲ್ಲವೋ ಎಂದು ತಿಳಿಯುವ ಪ್ರಶ್ನೆಗಳು. ಕಳೆದ 12 ತಿಂಗಳ ಬಗ್ಗೆ 11 ಅಂಶಗಳು: ಅಂದುಕೊಂಡದ್ದಕ್ಕಿಂತ ಹೆಚ್ಚು ನುಂಗಿದ್ದೀರಾ, ಬಿಡಲು ಹೋಗಿ ಆಗದೆ ಇದ್ದದ್ದುಂಟೇ, ಮಾತ್ರೆ ಹೊಂದಿಸುವುದರಲ್ಲೇ ಹೊತ್ತು ಹೋಗುತ್ತಿದೆಯೇ, ಕೆಲಸ ಕೆಡುತ್ತಿದೆಯೇ, ಮನೆಯಲ್ಲಿ ಮನಸ್ತಾಪವಾದರೂ ಮುಂದುವರಿಸಿದಿರಾ, ಹೀಗೆ. ಎರಡು ಮೂರಕ್ಕೆ ಹೌದೆಂದರೆ ಸೌಮ್ಯ, ನಾಲ್ಕೈದಕ್ಕೆ ಮಧ್ಯಮ, ಆರು ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಮೈ ಒಗ್ಗಿಹೋಗಿ ಡೋಸ್ ಏರುವುದು, ನಿಲ್ಲಿಸಿದರೆ ಒದ್ದಾಟವಾಗುವುದು, ಇವೆರಡನ್ನು ವೈದ್ಯರು ಹೇಳಿದಂತೆಯೇ ನುಂಗುತ್ತಿರುವವರ ಲೆಕ್ಕಕ್ಕೆ ಸೇರಿಸುವುದಿಲ್ಲ. ದಿನವೂ ಮಾರ್ಫಿನ್ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗೂ ಅವೆರಡು ಇದ್ದೇ ಇರುತ್ತವೆ; ಅವರು ವ್ಯಸನಿಯಲ್ಲ. ಮೈ ಒಗ್ಗಿರುವುದು ಬೇರೆ, ಮನಸ್ಸು ಮಾತ್ರೆಯ ಸುತ್ತಲೇ ಸುತ್ತುವುದು ಬೇರೆ. ಮುಂದಿನ ದಾರಿ ಕವಲೊಡೆಯುವುದೇ ಇಲ್ಲಿ.

ಬರೀ ಮೈ ಒಗ್ಗಿದ್ದರೆ ನಿಧಾನವಾಗಿ ಇಳಿಸುವುದು ಸಾಕಾಗಬಹುದು. ವರ್ಷ ದಾಟಿ ನುಂಗುತ್ತಿರುವವರಿಗೆ ತಿಂಗಳಿಗೆ ಶೇ 10, ಕೆಲವರಿಗೆ ಅದಕ್ಕಿಂತಲೂ ನಿಧಾನ. ಕೆಲವು ವಾರಗಳಿಂದ ಕೆಲವು ತಿಂಗಳವರೆಗಿನ ಬಳಕೆಯಾದರೆ ವಾರಕ್ಕೆ ಶೇ 10 ಇಳಿಸಬಹುದು. ದಿನಕ್ಕೆ 100 ಮಿಲಿಗ್ರಾಂ ಇದ್ದದ್ದು 90, 80, 70 ಅಂತ 30ರವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಮೂಲ ಡೋಸಿನ ಹತ್ತನೇ ಒಂದನ್ನಲ್ಲ, ಉಳಿದಿರುವುದರ ಹತ್ತನೇ ಒಂದನ್ನು ಕಳೆಯಬೇಕು: 27, 24, 22. 30ರಿಂದ ನೇರ 20ಕ್ಕೆ ಇಳಿದರೆ ಮೂರನೇ ಒಂದು ಭಾಗ ಹೋದಂತೆ, ಮೈ ಅದನ್ನು ಸಹಿಸುವುದಿಲ್ಲ. ಒಂದು ಮೆಟ್ಟಿಲಲ್ಲಿ ಕಷ್ಟವಾದರೆ ಅಲ್ಲೇ ಒಂದು ತಿಂಗಳು ನಿಲ್ಲಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬಾರದು, ಕುಟ್ಟಬಾರದು. ಹನ್ನೆರಡು ಗಂಟೆಗೆ ಹಂಚಿಹೋಗಬೇಕಾದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಸೇರಿ ಉಸಿರು ನಿಲ್ಲಬಹುದು. ಸಣ್ಣ ಡೋಸಿನ ಬೇರೆ ಮಾತ್ರೆಗೋ ದ್ರವರೂಪಕ್ಕೋ ಬದಲಾಯಿಸಿಕೊಂಡು ಇಳಿಸುತ್ತಾರೆ.

ಇಳಿಸುವುದು ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮಾತ್ರೆಯ ಡಬ್ಬಿ ನುಂಗುವವರ ಕೈಯಲ್ಲೇ ಇರುತ್ತದೆ. ನಾಳಿನದನ್ನು ಇಂದೇ ನುಂಗಿದರೆ ಲೆಕ್ಕವೆಲ್ಲ ನೀರುಪಾಲು. ವಾರಕ್ಕೊಮ್ಮೆ ಅಷ್ಟಕ್ಕಷ್ಟೇ ಕೊಡುವ ಔಷಧಾಲಯ, ಇಲ್ಲವೇ ಡಬ್ಬಿಗೆ ಬೀಗ ಹಾಕಿ ದಿನದ ಪಾಲು ಎಣಿಸಿ ಕೊಡುವ ಒಬ್ಬರು ಬೇಕು. ಇಷ್ಟಿದ್ದೂ ಮೂರು ನಾಲ್ಕು ಸಲ ಲೆಕ್ಕ ತಪ್ಪಿತು ಅಂದರೆ ಅದು ಇಚ್ಛಾಶಕ್ತಿಯ ಕೊರತೆಯಲ್ಲ, ಇಳಿಸುವ ದಾರಿ ಈ ಕಾಯಿಲೆಗೆ ಸಾಲದು ಎಂಬುದರ ಸೂಚನೆ.

ಇನ್ನು "ಒಂದು ವಾರ ಹಲ್ಲು ಕಚ್ಚಿಕೊಂಡರೆ ಮುಗಿಯಿತು" ಅನ್ನುವವರ ವಿಚಾರ. ಆ ವಾರ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುವುದು ಒಳ್ಳೆಯದು. ಬೇಗ ಕರಗುವ ಮಾತ್ರೆಯಾದರೆ ಕೊನೆಯ ಡೋಸಿನ ನಂತರ 8ರಿಂದ 12 ಗಂಟೆಗೆ ಶುರು. ಮೊದಲು ಆಕಳಿಕೆ. ನಿದ್ದೆಯದಲ್ಲ, ದವಡೆ ಬಿದ್ದುಹೋಗುವಂಥ ಆಕಳಿಕೆ, ಒಂದರ ಹಿಂದೆ ಒಂದು. ಮೂಗು ಸೋರುತ್ತದೆ, ಕಣ್ಣಲ್ಲಿ ನೀರು. ನೆಗಡಿ ಅಂದುಕೊಳ್ಳುತ್ತಿರುವಾಗಲೇ ಬೆನ್ನ ಮೇಲೆ ಚಳಿ ಹರಿದು ತೋಳಿನ ರೋಮವೆಲ್ಲ ನಿಮಿರಿ ನಿಲ್ಲುತ್ತವೆ, ಅದೇ ಹೊತ್ತಿಗೆ ಅಂಗಿ ಬೆವರಿಗೆ ಅಂಟುತ್ತದೆ. ಕನ್ನಡಿಯಲ್ಲಿ ನೋಡಿದರೆ ಕಣ್ಣಿನ ಪಾಪೆ ಬೆಳಕಿನಲ್ಲೂ ಅಗಲ. ಮೂಳೆಯೊಳಗಿನ ನೋವು, ಹೊಟ್ಟೆ ನುಲಿತ, ವಾಂತಿ, ಭೇದಿ. ರಾತ್ರಿ ಕಾಲುಗಳು ಒಂದು ಕಡೆ ಇರಲು ಒಪ್ಪುವುದಿಲ್ಲ. ಒದೆಯುತ್ತ ಒದೆಯುತ್ತ ಬೆಳಗಾಗುತ್ತದೆ. 36ರಿಂದ 72 ಗಂಟೆಯ ನಡುವೆ ತುತ್ತತುದಿ. ಐದರಿಂದ ಏಳು ದಿನದಲ್ಲಿ, ಕೆಲವರಿಗೆ ಹತ್ತು ದಿನದಲ್ಲಿ, ಮೈಯ ಒದ್ದಾಟ ಇಳಿಯುತ್ತದೆ.

ಇದನ್ನು ಹಗುರ ಮಾಡಲು ಔಷಧಗಳಿವೆ. ಕ್ಲೋನಿಡೀನ್ 0.1 ಮಿಲಿಗ್ರಾಂ ಆರೆಂಟು ಗಂಟೆಗೊಮ್ಮೆ, ಬೆವರು, ಚಳಿ, ಎದೆಬಡಿತಕ್ಕೆ. ಪ್ರತಿ ಸಲವೂ ಮೊದಲು ಬಿಪಿ ನೋಡಬೇಕು. ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಆ ಡೋಸ್ ಬಿಡಬೇಕು. ಹಾಸಿಗೆಯಿಂದ ತಟ್ಟನೆ ಎದ್ದು ಶೌಚಾಲಯಕ್ಕೆ ಓಡುವಾಗ ತಲೆ ತಿರುಗಿ ಬೀಳುವವರು ಬಹಳ. ಭೇದಿಗೆ ಲೋಪೆರಮೈಡ್, ಹೇಳಿದಷ್ಟೇ. ಅದೂ ಓಪಿಯಾಯ್ಡ್ ಜಾತಿಯದ್ದೇ ಅಂತ ಕೇಳಿ ಹತ್ತಿಪ್ಪತ್ತು ಮಾತ್ರೆ ಒಟ್ಟಿಗೆ ನುಂಗುವವರಿದ್ದಾರೆ. ಅಷ್ಟಾದರೆ ಹೃದಯದ ಬಡಿತವೇ ದಾರಿ ತಪ್ಪಿ ಸಾವು ಬರಬಹುದು. ವಾಂತಿಗೆ ಒಂಡಾನ್ಸೆಟ್ರಾನ್, ಮೈನೋವಿಗೆ ಲಿವರ್, ಕಿಡ್ನಿ ಸರಿಯಿದ್ದರೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್, ಜೊತೆಗೆ ಗುಟುಕು ಗುಟುಕಾಗಿ ಓಆರ್‌ಎಸ್. ಈ ವಾರದಲ್ಲಿ ನಿಜವಾದ ಅಪಾಯ ನೀರಿನಂಶ ಕಳೆದುಕೊಳ್ಳುವುದು. ಬಾಯಿ ಒಣಗಿ, ಮೂತ್ರ ನಿಂತು, ಕುಡಿದದ್ದೆಲ್ಲ ಹೊರಬರುತ್ತಿದ್ದರೆ ಡ್ರಿಪ್ ಬೇಕೇ ಬೇಕು.

ಸರಿ, ವಾರ ಕಳೆಯಿತು. ಅಲ್ಲಿಗೆ ಚಿಕಿತ್ಸೆ ಮುಗಿಯಿತು ಅನ್ನುವ ನಂಬಿಕೆಯಷ್ಟು ಜನರನ್ನು ಕೊಂದ ನಂಬಿಕೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ವೈದ್ಯರ ಚೀಟಿಯ ನೋವುನಿವಾರಕಗಳಿಗೇ ಅಂಟಿಕೊಂಡಿದ್ದ 653 ಮಂದಿಯ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಬ್ಯುಪ್ರೆನಾರ್ಫಿನ್ ಕೊಟ್ಟು ಬೇಗ ಇಳಿಸಿದಾಗ ಗೆದ್ದವರು ನೂರಕ್ಕೆ ಏಳು. ಗೆಲ್ಲದವರಿಗೆ ಅದನ್ನೇ 12 ವಾರ ಮುಂದುವರಿಸಿದಾಗ ಅರ್ಧದಷ್ಟು ಜನ ಚೆನ್ನಾಗಿದ್ದರು. ಆಮೇಲೆ ಅದನ್ನೂ ಇಳಿಸಿ ನಿಲ್ಲಿಸಿ ಎಂಟು ವಾರ ಬಿಟ್ಟು ನೋಡಿದರೆ ಚೆನ್ನಾಗಿ ಉಳಿದವರು ನೂರಕ್ಕೆ ಒಂಬತ್ತರಷ್ಟು. 2003ರಲ್ಲಿ ಸ್ವೀಡನ್‌ನ 40 ಮಂದಿಯ ಅಧ್ಯಯನ ಇನ್ನೂ ಕಠೋರ. ಅವರು ಹೆರಾಯಿನ್ ಬಳಸುತ್ತಿದ್ದವರು. ಎಲ್ಲರಿಗೂ ಆಪ್ತಸಮಾಲೋಚನೆ ಇತ್ತು; 20 ಮಂದಿಗೆ ವರ್ಷಪೂರ್ತಿ ಬ್ಯುಪ್ರೆನಾರ್ಫಿನ್, ಉಳಿದ 20 ಮಂದಿಗೆ ಆರು ದಿನ ಮಾತ್ರ. ಆರು ದಿನದ ಗುಂಪಿನಲ್ಲಿ ವರ್ಷದ ಕೊನೆಗೆ ಚಿಕಿತ್ಸೆಯಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಕಾರಣ ಸರಳ: ಬಿಟ್ಟ ಒಂದೆರಡು ವಾರದಲ್ಲೇ ಮೈಯ ತಾಳಿಕೆ ಇಳಿದುಹೋಗಿರುತ್ತದೆ, ಕೈ ಮಾತ್ರ ಹಳೆಯ ಲೆಕ್ಕದಲ್ಲೇ ಮಾತ್ರೆ ಎತ್ತುತ್ತದೆ.

ಹಾಗಾಗಿ ವ್ಯಸನ ಅಂತ ತೀರ್ಮಾನವಾದವರಿಗೆ ಮೊದಲು ಮುಂದಿಡಬೇಕಾದದ್ದು ದೀರ್ಘಕಾಲದ ಔಷಧ. ಬ್ಯುಪ್ರೆನಾರ್ಫಿನ್, ಮೆಥಡೋನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇವುಗಳ ಮೇಲೆ ಇರುವಷ್ಟು ಕಾಲ ಸಾವಿನ ಸಂಭವ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಬ್ಯುಪ್ರೆನಾರ್ಫಿನ್ ಶುರುಮಾಡುವ ದಿನ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಡವುವುದೇ ಅಲ್ಲಿ. ಈ ಔಷಧ ಮೆದುಳಿನ ಓಪಿಯಾಯ್ಡ್ ಗ್ರಾಹಿಗಳನ್ನು, ಅಂದರೆ ಓಪಿಯಾಯ್ಡ್ ಅಂಟಿಕೊಂಡು ಕೆಲಸ ಮಾಡುವ ತಾಣಗಳನ್ನು, ಬಿಗಿಯಾಗಿ ಹಿಡಿಯುತ್ತದೆ, ಆದರೆ ಅರ್ಧಂಬರ್ಧ ಮಾತ್ರ ಎಚ್ಚರಿಸುತ್ತದೆ. ಅದಕ್ಕೇ ಒಂದು ಮಟ್ಟದ ಮೇಲೆ ಡೋಸ್ ಏರಿಸಿದರೂ ಉಸಿರಾಟ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಒಳ್ಳೆಯ ಗುಣವೇ. ಆದರೆ ಹಳೆಯ ಮಾತ್ರೆ ಇನ್ನೂ ಗ್ರಾಹಿಗಳ ಮೇಲೆ ಇರುವಾಗಲೇ ಇದನ್ನು ಕೊಟ್ಟರೆ, ಸೀಟಿನಲ್ಲಿ ಕೂತವರನ್ನು ಎಬ್ಬಿಸಿ ತಾನು ಕೂತ ಹಾಗೆ, ಎಲ್ಲವನ್ನೂ ಒಮ್ಮೆಲೇ ಹೊರದಬ್ಬುತ್ತದೆ. ಮೂರು ದಿನದಲ್ಲಿ ಬರಬೇಕಾದ ಯಾತನೆ ಅರ್ಧದಿಂದ ಒಂದು ಗಂಟೆಯಲ್ಲಿ ಬಂದೆರಗುತ್ತದೆ. ಒಮ್ಮೆ ಇದನ್ನು ಉಂಡವರು ಔಷಧದ ಹೆಸರೆತ್ತಿದರೇ ಓಡುತ್ತಾರೆ.

ಅದಕ್ಕೆ ಕಾಯಬೇಕು. ಬೇಗ ಕರಗುವ ಮಾತ್ರೆಯಾದರೆ ಕೊನೆಯದು ನುಂಗಿ ಕನಿಷ್ಠ 12 ಗಂಟೆ, ನಿಧಾನ ಬಿಡುಗಡೆಯದ್ದಾದರೆ 24, ಮೆಥಡೋನ್ ಆದರೆ 24ರಿಂದ 72. ಗಡಿಯಾರಕ್ಕಿಂತಲೂ ಮೈಯನ್ನು ನಂಬುವುದು ಮೇಲು. ನರ್ಸ್ ಕೈಯಲ್ಲಿ 11 ಸಾಲಿನ ಹಾಳೆಯೊಂದಿರುತ್ತದೆ: ಕೂತ ಮೇಲಿನ ನಾಡಿ, ಬೆವರು, ಚಡಪಡಿಕೆ, ಪಾಪೆಯ ಗಾತ್ರ, ಮೂಳೆನೋವು, ಮೂಗು ಕಣ್ಣಿನ ಸೋರಿಕೆ, ಹೊಟ್ಟೆ, ಚಾಚಿದ ಕೈಯ ನಡುಕ, ಆಕಳಿಕೆ, ಆತಂಕ, ರೋಮಾಂಚ. ಒಟ್ಟು 48ಕ್ಕೆ ಅಂಕ. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ. ಎಂಟರ ಕೆಳಗೆ ಸಾಮಾನ್ಯವಾಗಿ ಶುರುಮಾಡುವುದಿಲ್ಲ. ಹನ್ನೆರಡು ದಾಟಿದರೆ ನಿಶ್ಚಿಂತೆ. ಬೇಗ ಔಷಧ ಸಿಗಲಿ ಅಂತ ಅಂಕ ಹೆಚ್ಚಿಸಿ ಹೇಳಿಕೊಂಡರೆ ಬಾಧೆ ಹೇಳಿಕೊಂಡವರಿಗೇ. ಆದರೆ ಪಾಪೆ, ರೋಮಾಂಚ ಇವೆರಡನ್ನು ನಟಿಸಲಾಗುವುದಿಲ್ಲ, ಅನುಭವಿ ನರ್ಸ್ ಮೊದಲು ನೋಡುವುದೂ ಅವನ್ನೇ.

ಬಾಯಿಗೆ ಒಂದು ಗುಟುಕು ನೀರು ಹಾಕಿ ಒದ್ದೆ ಮಾಡಿಕೊಂಡು 2 ಅಥವಾ 4 ಮಿಲಿಗ್ರಾಂ ಮಾತ್ರೆಯನ್ನು ನಾಲಗೆಯ ಅಡಿಗೆ ಇಡಬೇಕು. ನುಂಗಿದರೆ ಬಹುಪಾಲು ಲಿವರ್‌ನಲ್ಲೇ ನಾಶವಾಗುತ್ತದೆ. ಕರಗಲು ಐದರಿಂದ ಹತ್ತು ನಿಮಿಷ. ಕಹಿ, ಬಾಯಿತುಂಬ ಜೊಲ್ಲು ಬರುತ್ತದೆ, ಅದನ್ನು ನುಂಗಬಾರದು, ಮಾತಾಡಬಾರದು. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕೂತರೆ ಸುಲಭ. ಪೂರ್ತಿ ಕರಗಿದ ಮೇಲೆ ನೀರು ಬಾಯಲ್ಲಿ ಆಡಿಸಿ ನುಂಗಬೇಕು, ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು. ಹಲ್ಲು ಹುಳುಕಾಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಎಚ್ಚರಿಕೆ ಕೊಟ್ಟರು. ತಪಾಸಣೆಗೆ ದಂತವೈದ್ಯರ ಬಳಿ ಹೋಗುತ್ತಿರಬೇಕು. ಅರ್ಧದಿಂದ ಒಂದು ಗಂಟೆಯಲ್ಲಿ ಮೊದಲು ಆಕಳಿಕೆ ನಿಲ್ಲುತ್ತದೆ, ಆಮೇಲೆ ಕಾಲುಗಳು ಸುಮ್ಮನಾಗುತ್ತವೆ. ಒಂದೆರಡು ಗಂಟೆ ನೋಡಿ ಸಾಲದಿದ್ದರೆ ಇನ್ನೊಂದು. ಮೊದಲ ದಿನ ಸಾಮಾನ್ಯವಾಗಿ 8ರವರೆಗೆ, ಎರಡನೇ ದಿನ 16ರವರೆಗೆ. ಹೆಚ್ಚಿನವರು 8ರಿಂದ 24ರ ನಡುವೆ ಎಲ್ಲೋ ನೆಲೆಗೊಳ್ಳುತ್ತಾರೆ. ಬೆಳಗಿನ ಹೊತ್ತಿಗೆ ಮತ್ತೆ ಬೆವರು, ಮಾತ್ರೆಯ ನೆನಪು ಬರುತ್ತಿದ್ದರೆ ಡೋಸ್ ಕಡಿಮೆ ಅಂತ ಅರ್ಥ. "ಆದಷ್ಟು ಕಡಿಮೆಯಲ್ಲೇ ಇರೋಣ" ಅಂತ 4ಕ್ಕೇ ನಿಂತು ಒದ್ದಾಡಿ ಹಳೆಯ ಮಾತ್ರೆಗೆ ಮರಳುವುದು ತೀರಾ ಸಾಮಾನ್ಯ.

ಮೊದಲ ಡೋಸಿಗೇ ಮೈ ಕೆಟ್ಟರೆ? ಆಗ ಔಷಧ ನಿಲ್ಲಿಸಬೇಕು ಅಂತ ಅನಿಸುತ್ತದೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ: ವೈದ್ಯರ ಕಣ್ಣೆದುರಲ್ಲಿ ಇನ್ನಷ್ಟು ಬ್ಯುಪ್ರೆನಾರ್ಫಿನ್ ಕೊಟ್ಟು ಖಾಲಿಯಾದ ಗ್ರಾಹಿಗಳನ್ನು ತುಂಬುತ್ತಾರೆ, ಜೊತೆಗೆ ಕ್ಲೋನಿಡೀನ್ ಮತ್ತು ವಾಂತಿಯ ಔಷಧ. ಅನೇಕ ಮಾತ್ರೆಗಳಲ್ಲಿ ನಾಲ್ಕಕ್ಕೆ ಒಂದರಂತೆ, ಓಪಿಯಾಯ್ಡ್‌ನ ಪರಿಣಾಮ ತಡೆಯುವ ನಾಲಾಕ್ಸೋನ್ ಬೆರೆತಿರುತ್ತದೆ. ಯಾತನೆಗೆ ಅದೇ ಕಾರಣ ಅಂತ ಎಲ್ಲರೂ ದೂರುತ್ತಾರೆ. ನಾಲಗೆಯಡಿಯಿಂದ ನಾಲಾಕ್ಸೋನ್ ಹೆಚ್ಚೇನೂ ಒಳಹೋಗುವುದಿಲ್ಲ. ಕರಗಿಸಿ ಚುಚ್ಚಿಕೊಳ್ಳುವವರನ್ನು ತಡೆಯಲು ಇಟ್ಟದ್ದು ಅದು. ಯಾತನೆಗೆ ಕಾರಣ ಬ್ಯುಪ್ರೆನಾರ್ಫಿನ್ ತಾನೇ.

ಕಾಯುವುದೇ ಆಗದವರಿಗೆ, ಮೆಥಡೋನ್ ಅಥವಾ ಫೆಂಟನಿಲ್ ಬಳಸಿದವರಿಗೆ ಇನ್ನೊಂದು ದಾರಿ ಇದೆ. ಹಳೆಯ ಔಷಧ ನಡೆಯುತ್ತಿರುವಾಗಲೇ ಬ್ಯುಪ್ರೆನಾರ್ಫಿನ್ ಅನ್ನು 0.2ರಿಂದ 0.5 ಮಿಲಿಗ್ರಾಂನಷ್ಟು ಪುಟ್ಟ ಡೋಸಿನಲ್ಲಿ ಶುರುಮಾಡಿ, ಒಂದು ವಾರದ ಆಚೀಚೆ ಏರಿಸುತ್ತ ಹೋಗಿ, ಸಾಕಷ್ಟಾದ ಮೇಲೆ ಹಳೆಯದನ್ನು ನಿಲ್ಲಿಸುವುದು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೂಪುಗೊಂಡದ್ದರಿಂದ ಬರ್ನ್ ವಿಧಾನ ಅನ್ನುತ್ತಾರೆ. ದಿನ ದಿನದ ಚಾರ್ಟ್ ಬರೆದಿಟ್ಟುಕೊಳ್ಳದೆ ಇದು ಆಗುವ ಕೆಲಸವಲ್ಲ. ನೆಲೆಗೊಂಡ ಮೇಲೆ ದಿನವೂ ಮಾತ್ರೆ ಬೇಡ ಅನ್ನುವವರಿಗೆ ಚರ್ಮದಡಿಯ ಚುಚ್ಚುಮದ್ದಿದೆ. ಒಂದು ಬಗೆಯಲ್ಲಿ ಮೊದಲೆರಡು ತಿಂಗಳು 300, ನಂತರ ತಿಂಗಳಿಗೆ 100 ಮಿಲಿಗ್ರಾಂ. ಮನೆಯಲ್ಲಿ ಮಕ್ಕಳಿದ್ದರೆ, ಮಾತ್ರೆ ಕಳುವಾಗುವ ಭಯವಿದ್ದರೆ ಇದು ವಾಸಿ.

ಮೆಥಡೋನ್ ಹಳೆಯದು, ನ್ಯೂಯಾರ್ಕ್‌ನಲ್ಲಿ ಇದನ್ನು ವ್ಯಸನದ ಚಿಕಿತ್ಸೆಗೆ ಬಳಸತೊಡಗಿದ್ದು 1964ರಲ್ಲಿ. ಕಾಯುವ ಕಷ್ಟ ಇಲ್ಲ, ಬ್ಯುಪ್ರೆನಾರ್ಫಿನ್ ಸಾಲದವರಿಗೂ ಹಿಡಿಯುತ್ತದೆ. ಆದರೆ ಮೊದಲ ಎರಡು ವಾರ ಕತ್ತಿಯಂಚು. ಇದರ ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಒಬ್ಬರಿಗೆ 8 ಗಂಟೆ, ಇನ್ನೊಬ್ಬರಿಗೆ 59. ಸೋಮವಾರದ 30 ಮಿಲಿಗ್ರಾಂ ಪೂರ್ತಿ ಹೋಗುವ ಮೊದಲೇ ಮಂಗಳವಾರದ 30 ಸೇರುತ್ತದೆ, ಅದೇ ಡೋಸ್ ಗುರುವಾರಕ್ಕೆ ಹೆಚ್ಚು ಬಲವಾಗಿರುತ್ತದೆ. ಅದಕ್ಕೇ 10ರಿಂದ 30ರಲ್ಲಿ ಶುರುಮಾಡಿ ಕೆಲವು ದಿನಕ್ಕೊಮ್ಮೆ 5 ಅಥವಾ 10 ಮಾತ್ರ ಏರಿಸುತ್ತಾರೆ. 60ರಿಂದ 120 ಮುಟ್ಟಲು ವಾರಗಳು ಬೇಕು. "ಇಷ್ಟು ಕಡಿಮೆ ಕೊಟ್ಟರು" ಅಂತ ಆ ವಾರಗಳಲ್ಲಿ ಹಳೆಯ ಮಾತ್ರೆ, ನಿದ್ದೆ ಮಾತ್ರೆ ಸೇರಿಸಿಕೊಂಡವರು ರಾತ್ರಿ ಗೊರಕೆ ಹೊಡೆಯುತ್ತಲೇ ಹೋಗಿಬಿಡುತ್ತಾರೆ. ಇಸಿಜಿ ಬೇಕು, ಅದರಲ್ಲಿ ಹೃದಯಬಡಿತದ ಒಂದು ಅಳತೆಯಾದ ಕ್ಯೂಟಿ ಅಂತರ 500 ಮಿಲಿಸೆಕೆಂಡ್ ದಾಟಿದರೆ ಡೋಸ್ ಮರುವಿಚಾರ. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಜೆಪಿನ್ ಇದ್ದರೆ ಮೆಥಡೋನ್ ಬೇಗ ಖರ್ಚಾಗಿ ನಡುದಿನಕ್ಕೇ ಒದ್ದಾಟ ಶುರು. ಮೂರು ದಿನ ತಪ್ಪಿಸಿದರೆ ನಾಲ್ಕನೇ ದಿನ ಹಳೆಯ ಡೋಸನ್ನೇ ಕೇಳಬಾರದು.

ನಾಲ್ಟ್ರೆಕ್ಸೋನ್ ಮೂರನೆಯದು. ಇದು ಓಪಿಯಾಯ್ಡ್ ಅಲ್ಲ, ಗ್ರಾಹಿಗಳಿಗೆ ಬಾಗಿಲು ಹಾಕುತ್ತದೆ. ದಿನಕ್ಕೆ 50 ಮಿಲಿಗ್ರಾಂ ಮಾತ್ರೆ, ಅಥವಾ ನಾಲ್ಕು ವಾರಕ್ಕೊಮ್ಮೆ 380 ಮಿಲಿಗ್ರಾಂ ಪೃಷ್ಠದ ಸ್ನಾಯುವಿಗೆ. "ಚಟದ ಔಷಧವೇ ಬೇಡ" ಅನ್ನುವ ಮನೆಯವರಿಗೆ ಇದೇ ಇಷ್ಟ. ತೊಡಕೇನೆಂದರೆ ಶುರುಮಾಡುವ ಮೊದಲು ಏಳರಿಂದ ಹತ್ತು ದಿನ, ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಮೇಲಿದ್ದವರಾದರೆ ಎರಡು ವಾರದವರೆಗೆ, ಯಾವ ಓಪಿಯಾಯ್ಡೂ ಇರಕೂಡದು. ಅಮೆರಿಕದಲ್ಲಿ ಇದರ ಚುಚ್ಚುಮದ್ದನ್ನೂ ಬ್ಯುಪ್ರೆನಾರ್ಫಿನನ್ನೂ ಹೋಲಿಸಿ ನೋಡಿದ ದೊಡ್ಡ ಅಧ್ಯಯನದಲ್ಲಿ ನಾಲ್ಟ್ರೆಕ್ಸೋನ್ ಪಾಲಿಗೆ ಬಂದವರಲ್ಲಿ ನೂರಕ್ಕೆ 28 ಮಂದಿ ಮೊದಲ ಚುಚ್ಚುಮದ್ದಿನವರೆಗೂ ತಲುಪಲಿಲ್ಲ. ಬ್ಯುಪ್ರೆನಾರ್ಫಿನ್ ಪಾಲಿನವರಲ್ಲಿ ಶುರುಮಾಡಲಾಗದವರು ನೂರಕ್ಕೆ ಆರು. ಮಾತ್ರೆಯ ರೂಪವಂತೂ ಯಾರಾದರೂ ಎದುರು ನಿಂತು ನುಂಗಿಸದಿದ್ದರೆ ಡ್ರಾಯರ್‌ನಲ್ಲೇ ಉಳಿಯುತ್ತದೆ. ಅಪಘಾತವಾದರೆ ಮಾಮೂಲಿ ನೋವಿನ ಚುಚ್ಚುಮದ್ದು ಕೆಲಸ ಮಾಡುವುದಿಲ್ಲವಾದ್ದರಿಂದ ಪರ್ಸ್‌ನಲ್ಲಿ ಅದರ ಚೀಟಿ ಇರಬೇಕು.

ಗರ್ಭಿಣಿಯರ ವಿಷಯ ಬೇರೆಯೇ. ಹಠಾತ್ತಾಗಿ ನಿಲ್ಲಿಸಕೂಡದು, ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಟ್ಟು ಸ್ಥಿರಗೊಳಿಸಿ ಹೆರಿಗೆಯವರೆಗೆ ಮುಂದುವರಿಸುತ್ತಾರೆ. ಮಗುವಿಗೆ ಹುಟ್ಟಿದ ಮೇಲೆ ಕೆಲವು ದಿನ ನಡುಕ, ವಿಪರೀತ ಅಳು ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸ್ಥಿರವಾಗಿರುವ ತಾಯಿ ಎದೆಹಾಲು ಕೊಡಬಹುದು. ಇನ್ನೊಂದು ಮಾತು: ವರ್ಷಗಟ್ಟಲೆ ಮಾತ್ರೆಯಿಂದ ಮುಟ್ಟು ನಿಂತಿದ್ದವರಿಗೆ ಚಿಕಿತ್ಸೆಯ ಕೆಲವೇ ತಿಂಗಳಲ್ಲಿ ಅದು ಮರಳುತ್ತದೆ. ಗರ್ಭ ಬೇಡವೆಂದರೆ ಮೊದಲೇ ಎಚ್ಚರ ವಹಿಸಬೇಕು.

ಎರಡನೇ ತಿಂಗಳು ವಿಚಿತ್ರ. ಮೈ ಸುಮ್ಮನಾಗಿರುತ್ತದೆ, ದಿನಗಳು ಮಾತ್ರ ಉದ್ದವಾಗಿಬಿಡುತ್ತವೆ. ಮಾತ್ರೆ ಹುಡುಕುವುದು, ಎಣಿಸುವುದು, ಅಡಗಿಸುವುದು ಇವಕ್ಕೆ ಹೋಗುತ್ತಿದ್ದ ಹೊತ್ತೆಲ್ಲ ಖಾಲಿ. ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ತುಂಡುತುಂಡು. ಇದು ವಾರಗಳಿಂದ ತಿಂಗಳವರೆಗೆ ಇರುತ್ತದೆ. ಕೌನ್ಸೆಲಿಂಗ್ ಕೆಲಸಕ್ಕೆ ಬರುವುದು ಈಗ. ಆದರೆ ಮೇಲೆ ಹೇಳಿದ 653 ಮಂದಿಯ ಅಧ್ಯಯನದಲ್ಲಿ ವೈದ್ಯರ ನಿಯಮಿತ ಭೇಟಿಯ ಮೇಲೆ ಹೆಚ್ಚುವರಿ ಕೌನ್ಸೆಲಿಂಗ್ ಸೇರಿಸಿದ್ದರಿಂದ ಫಲಿತಾಂಶ ಬದಲಾಗಲಿಲ್ಲ. ಆದ್ದರಿಂದ ಕೌನ್ಸೆಲರ್ ಸಿಗಲಿಲ್ಲವೆಂದು ಔಷಧವನ್ನು ತಡೆಹಿಡಿಯುವುದು ತಪ್ಪು. ಒಳ್ಳೆಯ ಕೌನ್ಸೆಲರ್ ಉಪದೇಶ ಮಾಡುವುದಿಲ್ಲ. ಮಾತ್ರೆ ನೆನಪಾದದ್ದು ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಯಿತು, ಯಾರ ಫೋನ್ ಬಂದಿತ್ತು ಎಂದು ಬರೆಸುತ್ತಾರೆ. ಎರಡು ವಾರದ ಬರಹದಲ್ಲಿ ಒಂದು ಮಾದರಿ ತಾನಾಗಿ ಕಾಣುತ್ತದೆ. ಬಹಳ ಸಲ ಅದು ನೋವಲ್ಲ, ಸಂಜೆ ಒಂಟಿಯಾಗಿರುವ ಎರಡು ಗಂಟೆ.

ಹಾಗಂತ ನೋವು ಸುಳ್ಳೇನಲ್ಲ. ದೀರ್ಘಕಾಲದ ಓಪಿಯಾಯ್ಡ್ ಕೆಲವರಲ್ಲಿ ನರಗಳನ್ನೇ ಸೂಕ್ಷ್ಮಗೊಳಿಸಿ ನೋವನ್ನು ಹೆಚ್ಚಿಸುತ್ತದೆ. ಡೋಸ್ ಏರಿದಷ್ಟೂ ನೋವು ಹರಡುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಹಳೆಯ ನೋವು ಕೆರಳಿ, ನಂತರ ಮೊದಲಿಗಿಂತ ಕೆಳಗೆ ಇಳಿಯುವುದೂ ಉಂಟು. ಬ್ಯುಪ್ರೆನಾರ್ಫಿನ್ ಮೇಲಿರುವವರಿಗೆ ಒಂದು ಸುಲಭದ ಉಪಾಯ: ಆಸೆ ತಡೆಯುವ ಅದರ ಗುಣ ಒಂದು ದಿನವಿಡೀ ಇರುತ್ತದೆ, ನೋವು ತಡೆಯುವ ಗುಣ ಆರರಿಂದ ಎಂಟು ಗಂಟೆ ಮಾತ್ರ. ಅದೇ ಡೋಸನ್ನು ಮೂರು ನಾಲ್ಕು ಪಾಲು ಮಾಡಿದರೆ ನೋವಿಗೂ ಆಗುತ್ತದೆ. ಜೊತೆಗೆ ಫಿಸಿಯೋಥೆರಪಿ, ನರದ ನೋವಾದರೆ ಡುಲಾಕ್ಸೆಟೀನ್. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕೊಡುವಾಗ ಹುಷಾರು. ಓಪಿಯಾಯ್ಡ್ ಜೊತೆ ಉಸಿರು ಕುಗ್ಗಿಸುತ್ತವೆ, ಅವುಗಳಿಗೇ ಅಂಟಿಕೊಳ್ಳುವವರೂ ಇದ್ದಾರೆ. ಶಸ್ತ್ರಚಿಕಿತ್ಸೆ ಬಂದರೆ ಬ್ಯುಪ್ರೆನಾರ್ಫಿನ್ ನಿಲ್ಲಿಸಬೇಕಾಗಿಲ್ಲ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿದರಾಯಿತು.

ಮನೆಯವರ ಕೈಯಲ್ಲಿ ನಾಲಾಕ್ಸೋನ್ ಇರಲೇಬೇಕು, ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದ್ದರೂ. ಕೂಗಿದರೆ, ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿದರೆ ಏಳದಿದ್ದರೆ, ತುಟಿ ನೀಲಿಯಾಗಿದ್ದರೆ, ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಗೊರಗೊರ ಸದ್ದಿದ್ದರೆ ಅದು ನಿದ್ದೆಯಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ, 4 ಮಿಲಿಗ್ರಾಂ ಸ್ಪ್ರೇಯನ್ನು ಒಂದು ಮೂಗಿನ ಹೊಳ್ಳೆಗೆ ಒತ್ತಿ, ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಂದು ಉಸಿರು ಕೊಡುತ್ತಿರಿ. ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಇನ್ನೊಂದು ಹೊಳ್ಳೆಗೆ ಹೊಸ ಸ್ಪ್ರೇ. ಬಂದರೆ ಪಕ್ಕಕ್ಕೆ ಮಲಗಿಸಿ, ಬಿಟ್ಟು ಹೋಗಬೇಡಿ. ಇದರ ಪರಿಣಾಮ 30ರಿಂದ 90 ನಿಮಿಷ. ಮೆಥಡೋನ್‌ನಂಥದ್ದು ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ, ಎದ್ದು ಕೂತವರು ಮತ್ತೆ ಮಂಪರಿಗೆ ಜಾರಬಹುದು. ಆಸ್ಪತ್ರೆಗೆ ಹೋಗಲೇಬೇಕು.

ಮಧ್ಯೆ ಒಮ್ಮೆ ಜಾರಿದರೆ ಮುಚ್ಚಿಡದೆ ಅಂದೇ ಹೇಳುವುದು ಮುಖ್ಯ. ಬಹಳ ಸಲ ಡೋಸ್ ಸ್ವಲ್ಪ ಏರಿಸಿದರೆ, ಭೇಟಿಯ ಅಂತರ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಜಾರಿದರೆಂದು ಔಷಧವನ್ನೇ ನಿಲ್ಲಿಸುವ ಕೇಂದ್ರಗಳಿವೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿದರೆ ಇನ್ಸುಲಿನ್ ಕಿತ್ತುಕೊಳ್ಳುವವರು ಯಾರೂ ಇಲ್ಲ.

ಎಷ್ಟು ಕಾಲ? ಕಾಲಮಿತಿ ಇಲ್ಲ. ವರ್ಷದೊಳಗೆ ಇಳಿಸಲು ಹೊರಡುವುದು ಅವಸರ. ಕೆಲಸ, ನಿದ್ದೆ, ಸಂಬಂಧಗಳು ಒಂದು ಹದಕ್ಕೆ ಬಂದ ಮೇಲೆ, ಚಿಕಿತ್ಸೆಯಲ್ಲಿರುವವರೇ ಬಯಸಿದರೆ, ಎರಡರಿಂದ ನಾಲ್ಕು ವಾರಕ್ಕೆ 2 ಮಿಲಿಗ್ರಾಂನಂತೆ ಇಳಿಸಬಹುದು. 16ರಿಂದ 8ಕ್ಕೆ ಬರುವುದು ಅಷ್ಟೇನೂ ತಿಳಿಯುವುದಿಲ್ಲ. 2ರಿಂದ ಸೊನ್ನೆಗೆ ಹೋಗುವುದೇ ಕಷ್ಟ. ಆ 2 ಮಿಲಿಗ್ರಾಂ ಕೂಡ ಅರ್ಧದ ಹತ್ತಿರದಷ್ಟು ಗ್ರಾಹಿಗಳನ್ನು ಹಿಡಿದಿರುತ್ತದೆ. ಅಲ್ಲಿ ಅರ್ಧ ಮಿಲಿಗ್ರಾಂನಷ್ಟು ಸಣ್ಣ ಹೆಜ್ಜೆ ಇಡಬೇಕು, ಪ್ರತಿಯೊಂದರಲ್ಲೂ ತಿಂಗಳಿದ್ದರೂ ತಪ್ಪಿಲ್ಲ. ಕೆಲವು ವೈದ್ಯರು ಕೊನೆಯದಾಗಿ ತಿಂಗಳ ಚುಚ್ಚುಮದ್ದು ಕೊಟ್ಟು ಬಿಡುತ್ತಾರೆ. ಅದು ತಿಂಗಳುಗಟ್ಟಲೆ ತಾನಾಗಿ ಕರಗುತ್ತ ಹೋಗುತ್ತದೆ. ಇಳಿಸುವಾಗ ಮಾತ್ರೆಯ ಕನಸು ಬೀಳತೊಡಗಿದರೆ, ಹಳೆಯ ಔಷಧಾಲಯದ ಮುಂದೆ ಕಾಲು ನಿಧಾನವಾದರೆ, ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ಅಲ್ಲೇ ಇರಿ. ಪೂರ್ತಿ ನಿಲ್ಲಿಸಿದ ಮೇಲೂ ವೈದ್ಯರ ಭೇಟಿ ಆರು ತಿಂಗಳಾದರೂ ಮುಂದುವರಿಯಲಿ, ನಾಲಾಕ್ಸೋನ್ ಸ್ಪ್ರೇಯ ಅವಧಿ ಮುಗಿದಿದ್ದರೆ ಹೊಸದು ತಂದಿಡಿ.